ಹದಿನಾರು ಸಾಲಿನಲ್ಲಿ ಚಿಕ್ಕೋಡಿ

ರಾಯಬಾಗ ತಾಲೂಕಿನ ಪಾಲಬಾವಿಯ ಹೆಸರನ್ನು ಎಲ್‌ಇಡಿ ಬೋರ್ಡಿನ ಮೇಲೆ ಮೂಡಿಸುವುದು ಕಷ್ಟದ ಕೆಲಸವೇನಲ್ಲ. ಪಾ, ಲ, ಬಾ, ವಿ ಎಂಬ ನಾಲ್ಕು ಅಕ್ಷರಗಳೂ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ನಿಲ್ಲುತ್ತವೆ. ವಿಯ ಗುಡಿಸು ತುಸು ಮೇಲೇರುತ್ತದೆ, ಒಂದಕ್ಕೂ ಕೆಳಗೆ ಒತ್ತಿಲ್ಲ. ರಾಯಬಾಗ, ಕಾಗವಾಡ ಎಂಬ ಹೆಸರುಗಳದೂ ಇದೇ ಕತೆ. ಅದೇ ಬೋರ್ಡಿನಲ್ಲಿ ಚಿಕ್ಕೋಡಿ ಎಂದು ಬರೆಯಹೊರಟಾಗ ಲೆಕ್ಕ ತಪ್ಪುತ್ತದೆ. ನಡುವಿನ ‘ಕ್ಕೋ’ ಒಂದೇ ಅಕ್ಷರವಾದರೂ ಮೇಲಕ್ಕೆ ಏತ್ವವನ್ನೂ ಕೆಳಕ್ಕೆ ಕ-ಒತ್ತನ್ನೂ ಬಲಕ್ಕೆ ಕೊಂಬು ಮತ್ತು ದೀರ್ಘವನ್ನೂ ಒಟ್ಟಿಗೆ ಚಾಚುತ್ತದೆ. ನಿಪ್ಪಾಣಿಗೆ ಪ-ಒತ್ತು ಬೇಕು. ಅಥಣಿಯ ಥ ಅಕ್ಷರದ ಹೊಟ್ಟೆಯೊಳಗಿನ ಗುರುತು ಅಳಿಸಿಹೋದರೆ ಅದು ಧ ಆಗಿ ಊರಿನ ಹೆಸರೇ ಬದಲಾಗುತ್ತದೆ. ಈ ಐದು ತಾಲೂಕುಗಳ ಬಸ್ಸಿನ ಬೋರ್ಡನ್ನು ಸರಿಯಾಗಿ ಬರೆಯಬಲ್ಲ ಪಿಕ್ಸೆಲ್ ಫಾಂಟ್ ಕನ್ನಡದ ಬಹುಪಾಲು ಪರೀಕ್ಷೆಗಳನ್ನು ದಾಟಿತೆಂದೇ ತಿಳಿಯಬಹುದು. ಚುಕ್ಕಿ ಅಕ್ಷರ ಕನ್ನಡಕ್ಕೆ ಒಗ್ಗುವುದಿಲ್ಲ ಎಂಬ ಮಾತು ವಿನ್ಯಾಸಕಾರರ ನಡುವೆ ಆಗಾಗ ಬರುತ್ತದೆ. ನನ್ನ ವಾದ ಬೇರೆ: ಒಗ್ಗದೇ ಇರುವುದು ಇಂಗ್ಲಿಷಿಗಾಗಿ ಅಳೆದ ಎಂಟು ಸಾಲಿನ ಚೌಕ. ಕನ್ನಡಕ್ಕೆಂದೇ ಚೌಕವನ್ನು ಅಳೆದುಕೊಂಡರೆ ಚುಕ್ಕಿಯಲ್ಲಿ ಬರೆದ ಕನ್ನಡ ಓದಲೂ ಬರುತ್ತದೆ, ನೋಡಲೂ ಚೆಂದವಿರುತ್ತದೆ.

ಎಂಟರ ಲೆಕ್ಕ ಎಲ್ಲಿಂದ ಬಂತೆಂದು ಮೊದಲು ನೋಡಬೇಕು. 1970ರ ದಶಕದ ವಿಡಿಯೋ ಗೇಮ್ ಯಂತ್ರಗಳಲ್ಲಿ, 1981ರ ಐಬಿಎಂ ಪಿಸಿಯಲ್ಲಿ ಮೆಮೊರಿ ದುಬಾರಿಯಾಗಿತ್ತು. ಎಂಟು ಸಾಲು, ಎಂಟು ಕಂಬಗಳ ಚೌಕದಲ್ಲಿ ಒಂದು ಅಕ್ಷರವನ್ನು ಕೂರಿಸಿದರೆ ಎಂಟು ಬೈಟ್ ಸಾಕು. 128 ಚಿಹ್ನೆಗಳು ಒಂದು ಕಿಲೋಬೈಟಿನಲ್ಲಿ ಮುಗಿಯುತ್ತವೆ. ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಏಳು ಸಾಲು ಸಾಕಾದ್ದರಿಂದ ಎಂಟನೆಯದು ಸಾಲುಗಳ ನಡುವಿನ ಬಿಡುವಾಯಿತು. ಇಂದು ಹಳೆಯ ಗೇಮಿನ ನೆನಪು ತರುವ ಪ್ರೆಸ್ ಸ್ಟಾರ್ಟ್ 2ಪಿ ಎಂಬ ಉಚಿತ ಫಾಂಟ್ ಆ ಎಂಟರ ಚೌಕದ ನೇರ ವಂಶಜ. ಈ ಮಿತಿಯನ್ನೇ ಕಲೆಯಾಗಿ ಮಾಡಿದವರೂ ಇದ್ದರು. 1984ರ ಮ್ಯಾಕಿಂಟಾಷಿಗೆ ಷಿಕಾಗೋ, ಜಿನೀವಾ ಮೊದಲಾದ ಅಕ್ಷರಗಳನ್ನು ರೂಪಿಸಿದ ಸೂಸನ್ ಕೇರ್, ಈ ಕೆಲಸವನ್ನು ಮೊಸಾಯಿಕ್ಕಿಗೂ ಸೂಜಿದಾರದ ಕುಸುರಿಗೂ ಹೋಲಿಸಿದ್ದಾರೆ. ಮರುವರ್ಷ ಎಮಿಗ್ರೆ ಸಂಸ್ಥೆಯ ಜುಜಾನಾ ಲಿಚ್ಕೊ ಎಂಪರರ್ ಎಂಬ ಅಕ್ಷರಕುಟುಂಬವನ್ನು ಮಾಡಿ, ಅದರ ಒಂದೊಂದು ರೂಪಕ್ಕೂ ಅದರ ಪಿಕ್ಸೆಲ್ ಎತ್ತರವನ್ನೇ ಹೆಸರಾಗಿಟ್ಟರು: ಎಂಟು, ಹತ್ತು, ಹದಿನೈದು, ಹತ್ತೊಂಬತ್ತು. ಎತ್ತರ ಬದಲಾದಾಗ ಅಕ್ಷರವನ್ನು ಹಿಗ್ಗಿಸಿ ಕುಗ್ಗಿಸುವ ಬದಲು ಹೊಸದಾಗಿಯೇ ಬರೆಯಬೇಕೆಂಬ ತಿಳಿವಳಿಕೆ ಆ ಹೆಸರುಗಳಲ್ಲಿದೆ. ಕನ್ನಡದವರು ಅಲ್ಲಿಂದ ತೆಗೆದುಕೊಳ್ಳಬೇಕಾದದ್ದು ಅದನ್ನೇ, ಎಂಟು ಎಂಬ ಸಂಖ್ಯೆಯನ್ನಲ್ಲ.

ಹಾಗಾದರೆ ಕನ್ನಡಕ್ಕೆ ಎಷ್ಟು ಸಾಲು ಬೇಕು? ಮೂರು ಅಂತಸ್ತುಗಳನ್ನು ಬೇರೆಬೇರೆಯಾಗಿ ಎಣಿಸಬೇಕು. ಮೇಲಿನದು ತಲೆಕಟ್ಟು, ಗುಡಿಸು, ಏತ್ವಗಳದು, ನಡುವಿನದು ಅಕ್ಷರದ ಒಡಲು, ಕೆಳಗಿನದು ಒತ್ತಿನದು. ಒಡಲಿನ ಲೆಕ್ಕವನ್ನು ನಿರ್ಧರಿಸುವುದು ಸುಲಭದ ರ, ಗ ಅಲ್ಲ. ಶಾಲೆಯಲ್ಲಿ ‘ಹೊಟ್ಟೆ ಸೀಳಿದ ಷ’ ಎಂದು ಕಲಿಸುತ್ತಾರಲ್ಲ, ಆ ಷ. ಪ ಮತ್ತು ಷಗಳ ನಡುವಿನ ಅಂತರ ಆ ಒಂದು ಸೀಳು. ಸೀಳಿನ ಎರಡೂ ಬದಿಗೆ ಕನಿಷ್ಠ ಒಂದೊಂದು ಖಾಲಿ ಚುಕ್ಕಿ ಉಳಿಯದಿದ್ದರೆ ಹೊಟ್ಟೆ ಪೂರ್ತಿ ಕಪ್ಪಾಗಿ ಷ ಎಂಬುದೇ ತಿಳಿಯುವುದಿಲ್ಲ. ದ-ಧ, ಬ-ಭ, ಡ-ಢ ಜೋಡಿಗಳಲ್ಲಿ ಮಹಾಪ್ರಾಣದ ಗುರುತು ಬುಡದಲ್ಲಿರುವುದರಿಂದ ಅಲ್ಲಿಯೂ ಒಂದೆರಡು ಸಾಲು ಮೀಸಲಿಡಬೇಕು. ಇವನ್ನೆಲ್ಲ ಕೂಡಿಸಿದರೆ ಒಡಲಿಗೆ ಎಂಟು ಸಾಲು ಬೇಕೇ ಬೇಕು: ಇಂಗ್ಲಿಷಿನಲ್ಲಿ ಇಡೀ ಅಕ್ಷರಕ್ಕೂ ಸಾಲಿನ ಬಿಡುವಿಗೂ ಕೂಡಿ ಸಾಕಾಗುವ ಎಂಟು! ಮೇಲೆ ಮೂರು, ಕೆಳಗೆ ಐದು ಸೇರಿಸಿದರೆ ಹದಿನಾರಾಯಿತು. ಇದು ಕನಿಷ್ಠ ಲೆಕ್ಕ. ಇಪ್ಪತ್ನಾಲ್ಕು ಸಾಲು ಸಿಕ್ಕರೆ ಐದು, ಹನ್ನೆರಡು, ಏಳು ಎಂದು ಹಂಚಿ ಆರಾಮವಾಗಿ ಬರೆಯಬಹುದು. ಅಗಲದ ವಿಷಯದಲ್ಲಂತೂ ಎಲ್ಲ ಅಕ್ಷರಕ್ಕೂ ಒಂದೇ ಅಳತೆ ಎಂಬ ಹಠ ಬಿಟ್ಟುಬಿಡಬೇಕು. ರ ಏಳು ಕಂಬಗಳಲ್ಲಿ ಮುಗಿದರೆ ಣ, ಝಗಳಿಗೆ ಅದರ ಎರಡರಷ್ಟು ಬೇಕಾಗಬಹುದು. ಇನ್ನೊಂದು ಅನುಕೂಲವನ್ನು ಗಮನಿಸಿ: ಎಲ್ಲ ಸಂಯುಕ್ತಾಕ್ಷರವೂ ಕೆಳಗಿನ ಸಾಲನ್ನು ತಿನ್ನುವುದಿಲ್ಲ. ಉಗಾರ ಖುರ್ದ ಎಂಬ ಊರಿನ ಹೆಸರಿನಲ್ಲಿರುವ ಅರ್ಕಾವತ್ತು ಬಲಕ್ಕೆ ನಿಲ್ಲುವುದರಿಂದ ಅದಕ್ಕೆ ಕಂಬಗಳು ಸಾಕು. ‘ರಾಷ್ಟ್ರ’ದಂಥ ಪದದಲ್ಲಿ ಎರಡು ಒತ್ತುಗಳನ್ನು ಒಂದರ ಕೆಳಗೊಂದು ಜೋಲಿಸದೆ ಪಕ್ಕಪಕ್ಕದಲ್ಲಿ ಕೂರಿಸಿದರೆ ಅದೇ ಐದು ಸಾಲು ನಡೆಯುತ್ತದೆ.

ಇಲ್ಲಿ ಎದುರಾಗುವ ಮೊದಲ ಆಕ್ಷೇಪ ಭಾರವಾದದ್ದೇ. ಕನ್ನಡ ಲಿಪಿಯ ಸೊಗಸು ಇರುವುದು ಅದರ ದುಂಡಿನಲ್ಲಿ. ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದರೆ ಆ ಸೊಗಸು ಉಳಿಯುವುದೆಂತು ಎಂದು ಕೇಳುತ್ತಾರೆ. ಇದಕ್ಕೆ ಉತ್ತರ ಕಂಪ್ಯೂಟರಿಗಿಂತ ಎಷ್ಟೋ ಹಳೆಯದು, ಉತ್ತರ ಕರ್ನಾಟಕದ ಮನೆಮನೆಯ ಸೀರೆಯಲ್ಲೇ ಇದೆ. ಧಾರವಾಡ ಸೀಮೆಯ ಕಸೂತಿಯಲ್ಲಿ ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುವುದಿಲ್ಲ. ಹಾಸು ಹೊಕ್ಕಿನ ಎಳೆಗಳನ್ನು ಎಣಿಸಿಯೇ ಹೊಲಿಗೆ ಹಾಕುತ್ತಾರೆ. ಅಂದರೆ ಬಟ್ಟೆಯೇ ಚೌಕಳಿ ಹಾಳೆ. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ ಮುರ್ಗಿ ಮೆಟ್ಟಿಲಿನಂತೆ ಅಂಕುಡೊಂಕಾಗಿ ಸಾಗುತ್ತದೆ. ನವಿಲಿನ ಕೊರಳು, ಆನೆಯ ಬೆನ್ನು, ತೇರಿನ ಗಾಲಿ ಎಲ್ಲವೂ ಈ ಎಣಿಕೆಯಲ್ಲೇ ದುಂಡಾಗುತ್ತವೆ. ನವಿಲಿನ ಕೊರಳನ್ನು ಎಳೆ ಎಣಿಸಿ ಬಾಗಿಸಲು ಬಂದರೆ ‘ಲ’ದ ಸುರುಳಿಯನ್ನು ಬಾಗಿಸಲು ಬಾರದೆ? ರಾಯಬಾಗ ಸೀಮೆಗೆ ಸಮೀಪದ ರಬಕವಿ-ಬನಹಟ್ಟಿಯಂಥ ನೇಕಾರಿಕೆಯ ಊರುಗಳಿಗೂ ಈ ಲೆಕ್ಕ ಹೊಸದಲ್ಲ. ಜಕಾರ್ಡ್ ಮಗ್ಗದ ವಿನ್ಯಾಸವನ್ನು ಗ್ರಾಫ್ ಹಾಳೆಯ ಮೇಲೆ ಒಂದೊಂದು ಮನೆ ತುಂಬಿಯೇ ಬರೆಯುತ್ತಾರೆ, ಒಂದು ಮನೆ ಎಂದರೆ ಹಾಸಿನ ಎಳೆಯೂ ಹೊಕ್ಕಿನ ಎಳೆಯೂ ಕೂಡುವ ಒಂದು ಜಾಗ. ಚುಕ್ಕಿ ರಂಗೋಲಿಯನ್ನೂ ಇದರ ಜೊತೆ ಸೇರಿಸುವವರಿದ್ದಾರೆ. ನನಗೆ ಆ ಹೋಲಿಕೆ ಸರಿಯೆನಿಸುವುದಿಲ್ಲ. ರಂಗೋಲಿಯ ಚುಕ್ಕಿ ಗೆರೆಗೆ ದಾರಿ ತೋರಿಸುತ್ತದೆ ಅಷ್ಟೆ, ಗೆರೆ ತನ್ನಷ್ಟಕ್ಕೆ ಬಳುಕಿಕೊಂಡು ಹೋಗುತ್ತದೆ. ಪಿಕ್ಸೆಲ್ಲಿನಲ್ಲಿ ಚುಕ್ಕಿಯೇ ಗೆರೆಯ ಮೈ. ಆದ್ದರಿಂದ ಈ ಕೆಲಸ ಕಲಿಯುವವರು ನೋಡಬೇಕಾದದ್ದು ಕಸೂತಿಯ ಸೆರಗನ್ನು.

ಕಸೂತಿಯಿಂದ ಸಿಗುವ ಪಾಠ ಬಹಳ ನಿರ್ದಿಷ್ಟವಾದದ್ದು. ಬಾಗು ಬಾಗಾಗಿ ಕಾಣಬೇಕಾದರೆ ಮೆಟ್ಟಿಲುಗಳ ಉದ್ದ ಕ್ರಮವಾಗಿ ಇಳಿದು ಕ್ರಮವಾಗಿ ಏರಬೇಕು: ಮೂರು ಚುಕ್ಕಿ, ಎರಡು, ಒಂದು, ಮತ್ತೆ ಒಂದು, ಎರಡು, ಮೂರು. ಮೂರು, ಒಂದು, ಎರಡು ಎಂದು ಹಾಕಿದರೆ ಅಲ್ಲೊಂದು ಗಂಟು ಕಾಣುತ್ತದೆ. ಮೂಲೆಯಲ್ಲಿ ಎರಡು ಚುಕ್ಕಿಗಳು ಬದಿಗೆ ಬದಿ ತಾಗಿ ‘ಎಲ್’ ಆಕಾರವಾದರೆ ಗೆರೆ ಅಲ್ಲಿ ದಪ್ಪಗಾಗುತ್ತದೆ. ಒಂದನ್ನು ತೆಗೆದು ಮೂಲೆ ಮಾತ್ರ ತಾಗುವಂತೆ ಬಿಟ್ಟರೆ ಹಗುರಾಗುತ್ತದೆ. ಬರೆಯುವ ಕ್ರಮದ ಬಗ್ಗೆಯೂ ಒಂದು ಮಾತು ಹೇಳಬೇಕು. ಅ, ಆ, ಇ ಎಂದು ವರ್ಣಮಾಲೆಯ ಸಾಲಿನಲ್ಲಿ ಹೊರಟವರು ಸಾಮಾನ್ಯವಾಗಿ ಒತ್ತಿನ ಹೊತ್ತಿಗೆ ಜಾಗ ಕಳೆದುಕೊಂಡಿರುತ್ತಾರೆ. ಮೊದಲು ಕ್ಕೋ, ಷ್ಟ್ರೀ, ಕ್ಷ್ಮಿ, ಜ್ಞಾ, ಥ, ಝ, ಣಗಳನ್ನು ಬರೆದು ಮೂರು ಅಂತಸ್ತುಗಳ ಗಡಿ ಖಚಿತಪಡಿಸಿಕೊಂಡರೆ ಉಳಿದ ಅಕ್ಷರಗಳು ಅದರೊಳಗೆ ತಾವಾಗಿ ಕೂರುತ್ತವೆ. 49 ಅಕ್ಷರಗಳೇ ತಾನೆ ಎಂಬ ಭ್ರಮೆಯೂ ಬೇಡ. 34 ವ್ಯಂಜನಗಳ ಕಾಗುಣಿತವೇ 500ರ ಆಸುಪಾಸು ರೂಪಗಳಾಗುತ್ತದೆ; ಒಡಲು, ಒತ್ತು, ಸ್ವರಚಿಹ್ನೆಗಳನ್ನು ಬಿಡಿಬಿಡಿಯಾಗಿ ಬರೆದು ಜೋಡಿಸಿಕೊಂಡರೂ ಇನ್ನೂರು ಮುನ್ನೂರು ತುಣುಕುಗಳ ಕೆಲಸವಿದೆ. ಹದಿನಾರರ ಚೌಕದಲ್ಲಿ ಒಂದು ತುಣುಕಿಗೆ 32 ಬೈಟ್ ಹಿಡಿದು 256 ತುಣುಕುಗಳನ್ನು ಲೆಕ್ಕ ಹಾಕಿ. ಎಂಟು ಕಿಲೋಬೈಟ್ ಆಗುತ್ತದೆ. ನಲವತ್ತು ವರ್ಷದ ಹಿಂದಿನ ಯಂತ್ರಕ್ಕೆ ಇದು ದೊಡ್ಡ ಹೊರೆ. ಐಐಟಿ ಕಾನ್ಪುರದಲ್ಲಿ ಹುಟ್ಟಿ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ತಂತ್ರಜ್ಞಾನದಲ್ಲಿ ಭಾರತೀಯ ಲಿಪಿಗಳಿಗೆಂದೇ ಕಂಪ್ಯೂಟರಿಗೆ ಪ್ರತ್ಯೇಕ ಕಾರ್ಡ್ ಜೋಡಿಸಬೇಕಾಗಿ ಬಂದದ್ದು ಇಂಥ ಕಾರಣಗಳಿಂದಲೇ. ಇಂದು ಎಂಟು ಕಿಲೋಬೈಟ್ ಯಾರಿಗೂ ಲೆಕ್ಕವಿಲ್ಲ.

ಅಷ್ಟೆಲ್ಲ ಕಷ್ಟ ಯಾಕೆ, ಸಿದ್ಧ ಫಾಂಟ್ ಸಿಗುವುದಿಲ್ಲವೇ ಎಂದು ಡಿಟಿಪಿ ಅಂಗಡಿಯವರು ಕೇಳಬಹುದು. ಹೆಸರುವಾಸಿಯಾದ ಪ್ರೆಸ್ ಸ್ಟಾರ್ಟ್ 2ಪಿ, ವಿಟಿ323, ಸಿಲ್ಕ್‌ಸ್ಕ್ರೀನ್, ಪಿಕ್ಸೆಲಿಫೈ ಸಾನ್ಸ್ ಇವ್ಯಾವುದರಲ್ಲೂ ಕನ್ನಡವಿಲ್ಲ. ಅವನ್ನು ಆಯ್ದುಕೊಂಡು ಕನ್ನಡ ಟೈಪ್ ಮಾಡಿದರೆ ಕಂಪ್ಯೂಟರ್ ಸದ್ದಿಲ್ಲದೆ ತುಂಗಾ ಅಥವಾ ನೋಟೋದಂಥ ಬೇರೊಂದು ಫಾಂಟನ್ನು ತಂದು ಹಾಕುತ್ತದೆ. ಪೋಸ್ಟರಿನಲ್ಲಿ ಇಂಗ್ಲಿಷ್ ಚೌಕಚೌಕವಾಗಿಯೂ ಕನ್ನಡ ಸರ್ಕಾರಿ ಸುತ್ತೋಲೆಯಂತೆಯೂ ಬಂದಿದ್ದರೆ ಆಗಿರುವುದು ಇದೇ. 1998ರಲ್ಲಿ ರೋಮನ್ ಚಿಝ್ಬೋರಾ ಆರಂಭಿಸಿದ ಗ್ನು ಯೂನಿಫಾಂಟಿನಲ್ಲಿ ಕನ್ನಡದ ಚಿಹ್ನೆಗಳಿವೆ, ಅದೂ ಹದಿನಾರು ಸಾಲಿನಲ್ಲೇ. ಆದರೆ ಅದು ಒಂದೊಂದು ಯೂನಿಕೋಡ್ ಸಂಕೇತಕ್ಕೆ ಒಂದೊಂದು ಚಿತ್ರ ಒದಗಿಸುವ ಫಾಂಟ್. ಒತ್ತಕ್ಷರವನ್ನು ಕೂಡಿಸಿ ಕೊಡುವ ಜವಾಬ್ದಾರಿ ಅದರದಲ್ಲ. ಬಿಡಿ ಅಕ್ಷರದ ಆಕಾರ ಹೇಗಿರಬಹುದೆಂದು ನೋಡಲು ಅದು ಒಳ್ಳೆಯದು, ಶೀರ್ಷಿಕೆ ಬರೆಯಲು ಸಾಲದು. ಒಂದೇ ಒಂದು ಅಂಗಡಿಯ ಹೆಸರೋ ಹಬ್ಬದ ಶೀರ್ಷಿಕೆಯೋ ಬೇಕಾಗಿದ್ದರೆ ಫಾಂಟ್ ಮಾಡುವ ಗೋಜೇ ಬೇಡ. ಚೌಕಳಿ ಹಾಳೆಯ ಮೇಲೆ ಆ ಆರೆಂಟು ಅಕ್ಷರಗಳನ್ನು ಮಾತ್ರ ಬರೆದುಕೊಂಡರೆ ಸಾಕು, ಒಂದು ಸಂಜೆಯ ಕೆಲಸ. ಪೂರ್ಣ ಫಾಂಟ್ ಬೇಕೆನ್ನುವವರಿಗೆ ಉಚಿತ ಫಾಂಟ್‌ಫೋರ್ಜ್ ಇದೆ. ಅಲ್ಲಿ ಚಿತ್ರ ಬರೆಯುವುದಕ್ಕಿಂತ ಹೆಚ್ಚಿನ ಸಮಯ ಹಿಡಿಯುವುದು ಯಾವ ವ್ಯಂಜನಕ್ಕೆ ಯಾವ ಒತ್ತು ಎಲ್ಲಿ ಕೂರಬೇಕೆಂಬ ಓಪನ್‌ಟೈಪ್ ನಿಯಮಗಳನ್ನು ಬರೆಯುವ ಕೆಲಸ.

ಈ ಅಕ್ಷರಗಳಿಗೆ ಅತಿ ಹೆಚ್ಚು ಕೆಲಸವಿರುವುದು ಎಲ್‌ಇಡಿ ಬೋರ್ಡುಗಳಲ್ಲಿ, ಅಲ್ಲಿ ಪಿಕ್ಸೆಲ್ ಎಂಬುದು ಶೈಲಿಯಲ್ಲ, ಅನಿವಾರ್ಯ. ಪೇಟೆಯ ಅಂಗಡಿಗಳ ಮುಂದೆ ಓಡುವ ಬೋರ್ಡುಗಳು ಸಾಮಾನ್ಯವಾಗಿ ಪಿ10 ಮಾಡ್ಯೂಲಿನವು: ಉದ್ದಕ್ಕೆ 32 ಚುಕ್ಕಿ, ಎತ್ತರಕ್ಕೆ 16, ಎರಡು ಚುಕ್ಕಿಗಳ ನಡುವೆ 10 ಮಿಲಿಮೀಟರ್. ಹದಿನಾರು ಸಾಲು ತಾನಾಗಿಯೇ ಕೈಗೆ ಬಂದಂತಾಯಿತು, ಆದರೆ ಒಂದು ಚುಕ್ಕಿಯನ್ನೂ ಪೋಲು ಮಾಡುವಂತಿಲ್ಲ. ಮೇಲೆ ಹೇಳಿದ ಹಂಚಿಕೆಯಲ್ಲಿ ಚಿಕ್ಕೋಡಿ ಬರೆಯಲು ಸುಮಾರು 40 ಕಂಬ ಬೇಕಾಗುವುದರಿಂದ ಹೆಸರು ಓಡದೆ ನಿಲ್ಲಬೇಕಾದರೆ ಎರಡು ಮಾಡ್ಯೂಲ್ ಅಗತ್ಯ. ಹಣವಿದ್ದವರು ಮಾಡ್ಯೂಲುಗಳನ್ನು ಒಂದರ ಮೇಲೊಂದು ಇಟ್ಟು 32 ಸಾಲು ಮಾಡಿಕೊಳ್ಳಲಿ. ಉದ್ದ ಹೆಚ್ಚಿಸುವುದಕ್ಕಿಂತ ಎತ್ತರ ಹೆಚ್ಚಿಸುವುದು ಕನ್ನಡಕ್ಕೆ ಹೆಚ್ಚು ಲಾಭ. ಬೆಳಕಿನ ಗುಣವನ್ನೂ ಮರೆಯುವಂತಿಲ್ಲ. ರಾತ್ರಿ ಹೊತ್ತು ಉರಿಯುವ ಚುಕ್ಕಿ ತನ್ನ ಸುತ್ತ ಹರಡಿಕೊಳ್ಳುವುದರಿಂದ ಒಂದು ಚುಕ್ಕಿಯ ಗೆರೆಯೇ ದಪ್ಪಗೆ ಕಾಣುತ್ತದೆ, ಒಂದು ಚುಕ್ಕಿಯ ಖಾಲಿ ಜಾಗ ಮುಚ್ಚಿಹೋಗುತ್ತದೆ. ಹೀಗಾಗಿ ಬೋರ್ಡಿನಲ್ಲಿ ಗೆರೆ ತೆಳುವಾಗಿ, ಒಳಗಿನ ಬಿಡುವು ಸಾಧ್ಯವಾದಲ್ಲೆಲ್ಲ ಎರಡು ಚುಕ್ಕಿಯಾಗಿ ಇರಲಿ, ರಾತ್ರಿಯ ಬೆಳಕನ್ನು ತಗ್ಗಿಸಿ. ಅಗ್ಗದ ಕಂಟ್ರೋಲ್ ಕಾರ್ಡುಗಳ ತಂತ್ರಾಂಶಕ್ಕೆ ಕನ್ನಡ ಜೋಡಿಸಲು ಬಾರದೆ ಕ್ಕೋ ಒಡೆದು ‘ಕ್‌ಕೋ’ ಆಗುವುದುಂಟು. ಇದಕ್ಕೆ ಸರಳ ಉಪಾಯವೆಂದರೆ ಬರಹವನ್ನು ಬರಹವಾಗಿ ಕಳಿಸದೆ, ಬೋರ್ಡಿನಷ್ಟೇ ಅಳತೆಯ, ಉದಾಹರಣೆಗೆ 64ಕ್ಕೆ 16ರ, ಕಪ್ಪು-ಬಿಳುಪು ಬಿಎಂಪಿ ಚಿತ್ರವಾಗಿ ಹಾಕುವುದು. ಗಣೇಶನ ಹಬ್ಬದಲ್ಲಿ ಮಂಡಳಿಯ ಹೆಸರನ್ನು ತೂತು ಕೊರೆದ ಹಲಗೆಯ ಮೇಲೆ ಪಿಕ್ಸೆಲ್ ಬಲ್ಬುಗಳಲ್ಲಿ ಮೂಡಿಸುವವರಿಗಂತೂ ಇನ್ನೂ ಹೆಚ್ಚಿನ ಸ್ವಾತಂತ್ರ್ಯವಿದೆ, ತೂತುಗಳ ಚೌಕಳಿ ಅವರ ಕೈಯಲ್ಲೇ ಇದೆ. ಹಲಗೆ ಕೊರೆಯುವ ಮೊದಲು ಸಾಲು ಎಣಿಸಿದರೆ ಆಯಿತು.

ಎರಡನೆಯ ಆಕ್ಷೇಪ ಇದಕ್ಕೆ ಉಲ್ಟಾ. ಕೈಯಲ್ಲಿರುವ ಮೊಬೈಲಿನ ಪರದೆ ಕನ್ನಡವನ್ನು ಮುದ್ರಣದಷ್ಟೇ ನಯವಾಗಿ ತೋರಿಸುವಾಗ, ಪೋಸ್ಟರಿನಲ್ಲಿ ಬೇಕೆಂದೇ ಒರಟು ಅಕ್ಷರ ಹಾಕುವುದು ಶೋಕಿಯಲ್ಲವೆ? ಹೌದು, ಶೋಕಿಯೇ, ಶೀರ್ಷಿಕೆಯ ಅಕ್ಷರಗಳ ಕೆಲಸವೇ ಅದು. ಕ್ಯಾಸೆಟ್ ಹಾಕಿ ಟಿವಿಗೆ ಜೋಡಿಸಿ ಮಾರಿಯೋ, ಕಾಂಟ್ರಾ ಆಡಿದ ತಲೆಮಾರು ಈಗ ಮಕ್ಕಳನ್ನು ಶಾಲೆಗೆ ಕಳಿಸುತ್ತಿದೆ, ಆ ಪರದೆಯ ಮೇಲೆ ಅವರು ಕಂಡದ್ದೆಲ್ಲ ಇಂಗ್ಲಿಷ್. ಕನ್ನಡಕ್ಕೆ ಅಂಥ ಗೇಮಿನ ಅಕ್ಷರವೊಂದು ಅಂದು ಸಿಕ್ಕಿರಲಿಲ್ಲ ಎಂಬುದೇ ಈಗ ಅದನ್ನು ಮಾಡಿದಾಗ ಹುಟ್ಟುವ ಚುರುಕಿಗೆ ಕಾರಣ. ಚಿಕ್ಕೋಡಿ, ನಿಪ್ಪಾಣಿಗಳ ಎಂಜಿನಿಯರಿಂಗ್ ಕಾಲೇಜುಗಳ ತಾಂತ್ರಿಕ ಹಬ್ಬಕ್ಕೆ, ಕಂಪ್ಯೂಟರ್ ತರಬೇತಿ ಕೇಂದ್ರಕ್ಕೆ, ಮೊಬೈಲ್ ರಿಪೇರಿ ಅಂಗಡಿಗೆ, ಮಕ್ಕಳ ಒಗಟಿನ ಪುಟಕ್ಕೆ, ಟೀ ಶರ್ಟಿಗೆ ಇದು ಹೇಳಿ ಮಾಡಿಸಿದಂತಿರುತ್ತದೆ. ಒಂದು ಹೊಲಿಗೆಗೆ ಒಂದು ಚುಕ್ಕಿ ಎಂದು ಹಿಡಿದು ಅದೇ ನಕ್ಷೆಯನ್ನು ಕಸೂತಿಗೂ ಒಯ್ಯಬಹುದು. ಮಗ್ಗಕ್ಕೆ ಒಯ್ಯುವಾಗ ಮಾತ್ರ ಎಚ್ಚರ ಬೇಕು: ಒಂದು ಇಂಚಿನಲ್ಲಿ ಹಾಸಿನ ಎಳೆಗಳೆಷ್ಟು, ಹೊಕ್ಕಿನವೆಷ್ಟು ಎಂಬುದು ಸಮನಾಗಿರದಿದ್ದರೆ ಚೌಕ ಆಯತವಾಗಿ ಅಕ್ಷರ ಚಪ್ಪಟೆಯಾಗುತ್ತದೆ, ಆ ಅನುಪಾತದ ಗ್ರಾಫ್ ಹಾಳೆಯಲ್ಲೇ ಮತ್ತೆ ಬರೆದುಕೊಳ್ಳಬೇಕು. ಎಲ್ಲಿ ಬಳಸಬಾರದು ಎಂಬುದಕ್ಕೆ ದೊಡ್ಡ ಚರ್ಚೆಯೇನೂ ಬೇಡ. ನಾಲ್ಕು ಸಾಲಿಗಿಂತ ಹೆಚ್ಚಿನ ಬರಹ, ಔಷಧಿಯ ವಿವರ, ರೇಷನ್ ಅಂಗಡಿಯ ಸೂಚನೆ, ಮದುವೆ ಕರೆಯೋಲೆಯ ಒಳಪುಟ ಇವೆಲ್ಲ ವಯಸ್ಸಾದವರೂ ಓದಬೇಕಾದವು. ಅಲ್ಲಿ ಚೌಕದ ಅಕ್ಷರ ಬೇಡ. ಶೀರ್ಷಿಕೆಯಲ್ಲಿ ಚುಕ್ಕಿ, ಕೆಳಗಿನ ವಿವರಕ್ಕೆ ಅನೇಕ್ ಕನ್ನಡದಂಥ ನಯವಾದ ಫಾಂಟ್ ಎಂದು ಹಂಚಿಕೊಂಡರೆ ಎರಡೂ ಒಂದನ್ನೊಂದು ಎತ್ತಿ ತೋರಿಸುತ್ತವೆ.

ಚೆನ್ನಾಗಿ ಬರೆದ ಪಿಕ್ಸೆಲ್ ಅಕ್ಷರವೂ ಬಳಸುವಾಗ ಕೆಡುವುದು ಅಳತೆಯಲ್ಲಿ. ಹದಿನಾರು ಸಾಲಿನ ಅಕ್ಷರವನ್ನು 16, 32, 48 ಎಂದು ಪೂರ್ಣ ಗುಣಕದಲ್ಲೇ ಹಿಗ್ಗಿಸಬೇಕು. 40ಕ್ಕೆ ಎಳೆದರೆ ಕೆಲವು ಚುಕ್ಕಿ ಎರಡಾಗಿ ಕೆಲವು ಮೂರಾಗಿ ಅಕ್ಷರ ಸೊಟ್ಟಗಾಗುತ್ತದೆ, ಇಲ್ಲವೇ ಅಂಚು ಮಸುಕಾಗುತ್ತದೆ. ಅಂಚನ್ನು ನಯಗೊಳಿಸುವ ಆಯ್ಕೆ ತಂತ್ರಾಂಶದಲ್ಲಿದ್ದರೆ ಅದನ್ನು ನಿಲ್ಲಿಸಿಬಿಡಿ. ಚಿತ್ರವನ್ನು ಪಿಎನ್‌ಜಿಯಾಗಿ ಉಳಿಸಿ; ಜೆಪೆಗ್ ಚೂಪಾದ ಅಂಚಿನ ಸುತ್ತ ಕೊಳೆ ಹಿಡಿದಂತೆ ಮಾಡುತ್ತದೆ. ಫ್ಲೆಕ್ಸಿಗೆ ಕೊಡುವಾಗ ಚುಕ್ಕಿಗಳನ್ನು ವೆಕ್ಟರ್ ಚೌಕಗಳಾಗಿ ಬದಲಿಸಿ ಕೊಟ್ಟರೆ ಹತ್ತಡಿ ಬ್ಯಾನರಿನಲ್ಲೂ ಅಂಚು ಬಿಗಿಯಾಗಿರುತ್ತದೆ.

ಗಡಿಭಾಗದಲ್ಲಿ ಇನ್ನೊಂದು ತೊಡಕಿದೆ. ನಿಪ್ಪಾಣಿ, ಕಾಗವಾಡ, ಅಥಣಿಯ ಪೇಟೆಗಳಲ್ಲಿ ಒಂದೇ ಬೋರ್ಡಿನ ಮೇಲೆ ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಬರುವುದುಂಟು. ಮರಾಠಿಯ ಅರ್ಧಾಕ್ಷರಗಳು ಹೆಚ್ಚಾಗಿ ಪಕ್ಕಕ್ಕೆ ಕೂಡುವುದರಿಂದ ಅದಕ್ಕೆ ಕನ್ನಡದಷ್ಟು ಆಳ ಬೇಕಿಲ್ಲ. ಇಂಗ್ಲಿಷಿಗಂತೂ ಏಳೇ ಸಾಲು. ಮೂರಕ್ಕೂ ಒಂದೇ ಎತ್ತರ ಕೊಟ್ಟು ‘ಸಮಾನತೆ’ ಸಾಧಿಸಿದರೆ ಇಂಗ್ಲಿಷ್ ಮೈತುಂಬ ಹರಡಿ ನಿಲ್ಲುತ್ತದೆ, ಕನ್ನಡದ ಒಡಲು ಅದರ ಅರ್ಧಕ್ಕಿಳಿಯುತ್ತದೆ. ಸಮನಾಗಿರಬೇಕಾದದ್ದು ಒಡಲು. ಕನ್ನಡದ ಒಡಲು ಎಂಟು ಸಾಲಾದರೆ ಇಂಗ್ಲಿಷಿನ ದೊಡ್ಡಕ್ಷರವೂ ಎಂಟೇ ಇರಲಿ, ಉಳಿದ ಸಾಲು ಖಾಲಿ ಬಿಡಲಿ. ಕರ್ನಾಟಕದಲ್ಲಿ ನಾಮಫಲಕದ ಶೇಕಡಾ 60 ಭಾಗ ಕನ್ನಡದಲ್ಲಿರಬೇಕೆಂದು 2024ರ ತಿದ್ದುಪಡಿ ಕಾಯ್ದೆ ಹೇಳುತ್ತದೆ. ಪಿ10 ಬೋರ್ಡಿನಲ್ಲಿ ಈ ಲೆಕ್ಕ ಸರಿಹೋಗಬೇಕಾದರೆ ಕನ್ನಡಕ್ಕೆ ಹದಿನಾರು ಸಾಲಿನ ಪೂರ್ತಿ ಮಾಡ್ಯೂಲ್ ಕೊಟ್ಟು, ಉಳಿದ ಭಾಷೆಯನ್ನು ಅದರ ಕೆಳಗೆ ಚಿಕ್ಕದಾಗಿ ಕೂರಿಸುವುದೇ ಸುಲಭದ ದಾರಿ.

ಅಂಕಿಗಳ ವಿಷಯದಲ್ಲಿ ಮಾತ್ರ ನಾನು ಕನ್ನಡದ ಪರವಾಗಿ ಹಟ ಹಿಡಿಯುವುದಿಲ್ಲ. ಕಬ್ಬು ತೂಗುವ ವೇ ಬ್ರಿಡ್ಜಿನ ಮುಂದೆ ಕೆಂಪಗೆ ಉರಿಯುವ ಏಳು ಕಡ್ಡಿಗಳ ಅಂಕಿ ಇಂಗ್ಲಿಷ್ ಅಂಕಿಗೆಂದೇ ಹುಟ್ಟಿದ್ದು, ಅದರಲ್ಲಿ ಕನ್ನಡ ಅಂಕಿ ಮೂಡುವುದಿಲ್ಲ. ಚುಕ್ಕಿಯ ಬೋರ್ಡಿನಲ್ಲಿ ಮೂಡುತ್ತದೆ, ಆದರೆ ಕಡಿಮೆ ಸಾಲಿನಲ್ಲಿ ೬ ಮತ್ತು ೯ ಒಂದನ್ನೊಂದು ಹೋಲತೊಡಗುತ್ತವೆ, ಸೊನ್ನೆ ಅನುಸ್ವಾರದಂತೆ ಕಾಣುತ್ತದೆ. ಟನ್ನಿಗೆ ಎಷ್ಟು, ಬಸ್ಸು ಎಷ್ಟು ಗಂಟೆಗೆ ಎಂದು ತೋರಿಸುವಲ್ಲಿ, ಅಂದರೆ ಓದು ತಪ್ಪಿದರೆ ಯಾರಿಗಾದರೂ ನಷ್ಟವಾಗುವಲ್ಲಿ, 1, 2, 3 ಇರಲಿ. ಹಬ್ಬದ ಪೋಸ್ಟರಿನ ಇಸವಿಯನ್ನು ೨೦೨೬ ಎಂದು ದೊಡ್ಡದಾಗಿ, ಇಪ್ಪತ್ನಾಲ್ಕು ಸಾಲಿನಲ್ಲಿ ಬರೆಯಲು ಅಡ್ಡಿಯಿಲ್ಲ. ೨ರ ಬಾಲವನ್ನು ಮೂರು, ಎರಡು, ಒಂದು ಎಂದು ಇಳಿಸಿದರೆ ಅದು ಚೆನ್ನಾಗಿಯೇ ಬಾಗುತ್ತದೆ.